ವಿಮಾನಕ್ಕೊಂದು ಬಣ್ಣದ ಪಂಪು

ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಪಂಪಿನ ಬಗ್ಗೆ ಸಲಹೆ ಕೊಡಲಾರದ ಗಂಡಸು ಇನ್ನೂ ಹುಟ್ಟಿಲ್ಲ. ಹೃದಯದ ಆಪರೇಷನ್ ವಿಷಯ ಬಂದರೆ ‘ಡಾಕ್ಟರನ್ನೇ ಕೇಳು’ ಎಂದು ಜಾರಿಕೊಳ್ಳುವವನು, ಪಂಪು, ನಾಜಲ್, ಪ್ರೆಶರ್ ಎಂಬ ಶಬ್ದ ಕಿವಿಗೆ ಬಿದ್ದರೆ ಸಾಕು, ಬಾಯಿಯ ಎಲೆಯಡಿಕೆ ಕವಳ ಉಗಿದು ಬಂದು ಕುರ್ಚಿ ಎಳೆದುಕೊಳ್ಳುತ್ತಾನೆ. ಅಡಿಕೆಗೆ ಕೊಳೆರೋಗ ಬಾರದಂತೆ ಮೈಲುತುತ್ತ, ಸುಣ್ಣ ಕಲಸಿ ಹೊಡೆಯುವುದು ಇಲ್ಲಿ ಅಜ್ಜನ ಕಾಲದಿಂದ ನಡೆದುಬಂದದ್ದು. ಆ ಕೊಳೆ ಔಷಧ ಹೊಡೆದ ಮಾತ್ರಕ್ಕೆ, ಅಥವಾ ಬೇರೆಯವರು ಹೊಡೆಯುವಾಗ ಕೆಳಗೆ ಕೊಡೆ ಹಿಡಿದು ನಿಂತ ಮಾತ್ರಕ್ಕೆ, ಜಗತ್ತಿನಲ್ಲಿ ತುಂತುರಾಗಿ ಹಾರುವ ಪ್ರತಿಯೊಂದು ದ್ರವದ ಮೇಲೂ ತನಗೆ ಅಧಿಕಾರವಿದೆ ಎಂದು ಇವರು ನಂಬಿದ್ದಾರೆ.

ನಾನು ಬಣ್ಣ ಹೊಡೆಯಬೇಕಾಗಿದ್ದದ್ದು ವಿಮಾನಕ್ಕೆ.

ನಗುವವರು ನಕ್ಕು ಮುಗಿಸಲಿ. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ನಾನು, ನಿವೃತ್ತಿಗೆ ಮೂರು ವರ್ಷ ಇರುವಾಗಲೇ ಯಲ್ಲಾಪುರದಲ್ಲಿ ಮುಚ್ಚಿಹೋದ ಒಂದು ಸಾಮಿಲ್ಲಿನ ಶೆಡ್ ಹಿಡಿದು, ಅಲ್ಯುಮಿನಿಯಂ ತಗಡು ಮತ್ತು ರಿವೆಟ್ಟುಗಳ ಪೆಟ್ಟಿಗೆ ತರಿಸಿ, ಇಬ್ಬರು ಕೂರುವ ಸಣ್ಣ ವಿಮಾನ ಕಟ್ಟಲು ಶುರುಮಾಡಿದ್ದೆ. ಎಂಟು ವರ್ಷ ಹಿಡಿಯಿತು. ಅಷ್ಟರಲ್ಲಿ ದೂರದ ಊರಿಗೆ ಹೋಗಿ ಹಾರಿಸುವುದನ್ನೂ ಕಲಿತು ಲೈಸೆನ್ಸ್ ಪಡೆದುಕೊಂಡಿದ್ದೆ. ನನಗಿದ್ದದ್ದು ಒಂದೇ ಆಸೆ. ನನ್ನ ಕೈಯಾರೆ ಕಟ್ಟಿದ್ದನ್ನು ನಾನೇ ಹಾರಿಸಬೇಕು. ಇನ್ನೊಬ್ಬ ಹಾರಿಸಿದ್ದನ್ನು ಕೆಳಗೆ ನಿಂತು ನೋಡುವ ಹಾಗಿದ್ದರೆ ಅಷ್ಟು ರಿವೆಟ್ಟು ಬಡಿಯುವ ಕರ್ಮ ಯಾರಿಗೆ ಬೇಕು?

ಬಣ್ಣ ಒಂದು ಬಾಕಿ ಇತ್ತು. ವಿಮಾನದ ಬಣ್ಣ ಗೋಡೆಯ ಬಣ್ಣವಲ್ಲ. ಒಂದು ಪದರ ಹೆಚ್ಚಾದರೆ ತೂಕ ಹೆಚ್ಚಾಗುತ್ತದೆ. ಬಾಲದ ಪಟ್ಟಿಯ ಮೇಲೆ ದಪ್ಪಗೆ ಕುಳಿತರೆ ಹಾರುವಾಗ ಅದು ಪಟಪಟ ಬಡಿದುಕೊಳ್ಳಲು ತೊಡಗಿ ಮುರಿದುಬೀಳಲೂಬಹುದು. ತೆಳ್ಳಗೆ, ಒಂದೇ ಸಮನಾಗಿ, ಸೋರದ ಹಾಗೆ ಕೂರಬೇಕು. ಹೀಗಾಗಿ ಯಾವುದರಿಂದ ಹೊಡೆಯುವುದು ಎಂಬುದೇ ದೊಡ್ಡ ಪ್ರಶ್ನೆಯಾಯಿತು. ನನ್ನ ತಪ್ಪೆಂದರೆ ಆ ಪ್ರಶ್ನೆಯನ್ನು ಒಂದು ಮದುವೆಮನೆಯಲ್ಲಿ, ಊಟದ ಪಂಕ್ತಿಯಲ್ಲಿ, ಎತ್ತಿದ್ದು.

ಮಂಚಿಕೇರಿಯ ನನ್ನ ಭಾವ, ಅಂದರೆ ಹೆಂಡತಿಯ ಅಣ್ಣ, ಅನ್ನಕ್ಕೆ ಸಾರು ಬೀಳುವ ಮೊದಲೇ ಫೈಸಲು ಕೊಟ್ಟ.

“ಇದ್ಕೆ ಎಂತಕ್ಕೆ ಭಾವಾ ಇಷ್ಟು ತಲೆಬಿಸಿ? ಯಮ್ಮನೆ ಪಂಪ್ ತಂದ್ಕೊಡ್ತೆ. ಇಡೀ ತೋಟಕ್ಕೆ ಹೊಡೆದ ಪಂಪು ಅದು. ನಿನ್ನ ವಿಮಾನ ಎಂತ ತೋಟಕ್ಕಿಂತ ದೊಡ್ಡ ಇದ್ದಾ? ಅರ್ಧ ತಾಸ್ನಲ್ಲಿ ಮುಗದ್ ಹೋಗ್ತು.”

ಪಂಕ್ತಿಯಲ್ಲಿದ್ದವರೆಲ್ಲ ತಲೆಯಾಡಿಸಿದರು. ಒಬ್ಬ ಅಡಿಕೆ ಕೊಯ್ಯುವ ದೋಟಿಯ ತುದಿಗೆ ನಾಜಲ್ ಕಟ್ಟಿಕೊಂಡರೆ ರೆಕ್ಕೆಯ ಮೇಲಕ್ಕೆ ಹತ್ತುವುದೇ ಬೇಡ ಎಂದ. ಇನ್ನೊಬ್ಬ ಬಣ್ಣಕ್ಕೆ ಸ್ವಲ್ಪ ಅಂಟು ಬೆರೆಸಿದರೆ ಮಳೆಗೆ ತೊಳೆದುಹೋಗುವುದಿಲ್ಲ ಎಂದು ಗುಟ್ಟು ಬಿಟ್ಟುಕೊಟ್ಟ. ಮೈಲುತುತ್ತದ ಪಸೆ ಅಲ್ಯುಮಿನಿಯಂ ಮೇಲೆ ಬಿದ್ದರೆ ತಗಡು ಹುಳ ತಿಂದ ಹಾಗೆ ತೂತಾಗುತ್ತದೆ, ಆ ಪಂಪನ್ನು ಶೆಡ್ಡಿನ ಒಳಗೇ ತರಕೂಡದು ಎಂದು ನಾನು ವಿವರಿಸಿದೆ. “ತೊಳದ್ ಕೊಡ್ತೆ ಮಾರಾಯಾ” ಎಂದ ಭಾವ. ಇಂಥವರಿಗೆ ರಸಾಯನಶಾಸ್ತ್ರ ಹೇಳುವುದು ಕೋಣದ ಮುಂದೆ ಕಿನ್ನರಿ ಬಾರಿಸಿದ ಹಾಗೆ. ನಾನು ಹೋಳಿಗೆ ತಿಂದು ಎದ್ದೆ.

ಎರಡನೆಯ ಪಂಡಿತ ಶಿರಸಿಯ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಕ್ಕಿದ. ಅವನ ಪ್ರಕಾರ ಜಗತ್ತಿನಲ್ಲಿರುವುದು ಎರಡೇ ಬಗೆಯ ಕಂಪ್ರೆಸರ್: ತನ್ನ ಅಂಗಡಿಯಲ್ಲಿರುವುದು ಮತ್ತು ಹಾಳಾದದ್ದು. ಎಮ್ಮೆಯಷ್ಟು ದೊಡ್ಡದೊಂದನ್ನು ಚಾಲೂ ಮಾಡಿ, ಗನ್ನಿನಿಂದ ರಟ್ಟಿನ ಮೇಲೆ ಕೆಂಪು ಬಣ್ಣ ಹಾರಿಸಿ, ಮದುಮಗನ ಹಾಗೆ ನನ್ನ ಕಡೆ ನೋಡಿದ. ನಾನು ಜೇಬಿನಿಂದ ಸಣ್ಣ ಕನ್ನಡಿ ತೆಗೆದು, ಬಣ್ಣವಿಲ್ಲದೆ ಬರೀ ಗಾಳಿಯನ್ನು ಅದರ ಮೇಲೆ ಬಿಡಿಸಿದೆ. ಕನ್ನಡಿಯ ತುಂಬ ನೀರಿನ ಹನಿ. ನಮ್ಮ ಹವೆಯಲ್ಲಿ ಕಂಪ್ರೆಸರ್ ಗಾಳಿಯನ್ನು ಹಿಂಡಿದಾಗ ನೀರೂ ಬಂದೇ ಬರುತ್ತದೆ. ಆ ಹನಿ ಬಣ್ಣದ ಜೊತೆ ಕುಳಿತರೆ ಮೈತುಂಬ ಗುಳ್ಳೆ.

“ಅದು ಹೊಸದರಲ್ಲಿ ಹಂಗೇ ಸರ್, ಆಮೇಲೆ ಸರಿಯಾಗ್ತದೆ” ಎಂದ.

“ಹೊಸದರಲ್ಲಿ ಬೆವರುವುದಕ್ಕೆ ಅದು ಮದುವೆಗೆ ನಿಂತಿದೆಯೇನು?” ಎಂದು ಕೇಳಿ ಹೊರಬಂದೆ. ಆಗ ಆ ಮಾತು ನನಗೆ ಬಹಳ ರುಚಿಸಿತ್ತು. ಮನೆಗೆ ಬಂದು ಹೆಂಡತಿಗೆ ಎರಡು ಸಲ ಹೇಳಿದೆ. ಅವಳು ಮೊದಲ ಸಲ ನಕ್ಕಳು.

ಮೂರು ತಿಂಗಳು ಓದಿದೆ, ಅಳೆದೆ, ಪತ್ರ ಬರೆದೆ. ಗೋಡೆಗೆ ಹೊಡೆಯುವ ಗಾಳಿಯಿಲ್ಲದ ಯಂತ್ರ ನೋಡಿದೆ. ಅದು ಬಣ್ಣವನ್ನು ಹೊಳೆಯ ಹಾಗೆ ಸುರಿಯುತ್ತದೆ, ಮಠದ ಗೋಡೆಗೆ ಸರಿ. ಸಾದಾ ಗನ್ನಿನಲ್ಲಿ ಅರ್ಧ ಬಣ್ಣ ತಗಡಿಗೆ, ಇನ್ನರ್ಧ ಊರಿಗೆ. ಕೊನೆಗೆ ಟರ್ಬೈನ್ ಯಂತ್ರವೇ ಸರಿ ಎಂದು ತೀರ್ಮಾನಿಸಿದೆ. ಅದು ಗಾಳಿಯನ್ನು ಹಿಂಡುವುದಿಲ್ಲ, ಫ್ಯಾನಿನ ಹಾಗೆ ಬೀಸಿ ಕಳಿಸುತ್ತದೆ. ಒತ್ತಡ ಕಡಿಮೆ, ಗಾಳಿ ಜಾಸ್ತಿ. ಗಾಳಿ ಬೆಚ್ಚಗೆ, ಒಣಗಿ ಬರುತ್ತದೆ. ಬಣ್ಣ ಹಾರಿಹೋಗದೆ ತಗಡಿನ ಮೇಲೆ ಮೆತ್ತಗೆ ಇಳಿಯುತ್ತದೆ. ನಮ್ಮ ಸೀಮೆಗೆ ಹೇಳಿ ಮಾಡಿಸಿದ್ದು. ಇಡೀ ಜಿಲ್ಲೆಯಲ್ಲಿ ಇದನ್ನು ಅರ್ಥಮಾಡಿಕೊಂಡವನು ನಾನೊಬ್ಬನೇ ಎಂಬ ಸೊಕ್ಕು ನನಗಿತ್ತು. ಬಹುಶಃ ನಿಜವೂ ಆಗಿತ್ತು, ಅದೇ ಕಷ್ಟ.

ಆ ಯಂತ್ರ ಎರಡು ಥರ ಸಿಗುತ್ತಿತ್ತು. ಒಂದು ಬರೀ ಗನ್ನಿನದು. ಇನ್ನೊಂದರ ಜೊತೆ ತಲೆಯಿಂದ ಕತ್ತಿನವರೆಗೆ ಮುಚ್ಚುವ ಒಂದು ಟೊಪ್ಪಿಗೆ, ಹೊರಗಿನ ಶುದ್ಧ ಗಾಳಿಯನ್ನು ಕೊಳವೆಯಲ್ಲಿ ಆ ಟೊಪ್ಪಿಗೆಯೊಳಕ್ಕೆ ತುಂಬುವ ಇನ್ನೊಂದು ಬೀಸುವ ಯಂತ್ರ. ಚಿತ್ರದಲ್ಲಿ ಅದನ್ನು ಹಾಕಿಕೊಂಡವನು ಚಂದ್ರನ ಮೇಲೆ ನಡೆಯಲು ಹೊರಟವನ ಹಾಗೆ ಕಾಣುತ್ತಿದ್ದ. ನೋಡಿ ನನಗೆ ನಗು ಬಂತು.

ಹೆಂಡತಿ ಹೆಗಲ ಹಿಂದಿನಿಂದ ನೋಡುತ್ತಿದ್ದಳು. “ಟೊಪ್ಪಿಗೆನೂ ಬತ್ತಡ ಅಲ್ದಾ, ಅದ್ನೂ ತರ್ಸಿ” ಎಂದಳು.

“ಕೊಳೆ ಔಷಧ ಹೊಡೆಯಂವ ಇಂಥದ್ದು ಹಾಕ್ಯಂಡಿದ್ದ ನೋಡಿದ್ಯನೆ ನೀನು?” ಎಂದೆ ನಾನು.

ಗಮನಿಸಿ, ಈ ಮಾತು ಆಡಿದ್ದು ಮಂಚಿಕೇರಿಯ ಭಾವನಲ್ಲ. ಮದುವೆಮನೆಯಲ್ಲಿ ಅವರಿಗೆಲ್ಲ ರಸಾಯನಶಾಸ್ತ್ರ ಬೋಧಿಸಿ ಬಂದ ಪ್ರಾಧ್ಯಾಪಕ. ಚಿಕ್ಕಂದಿನಿಂದ ನೋಡಿದ್ದು ಒಂದೇ: ಔಷಧ ಹೊಡೆಯುವವನು ಟವೆಲ್ಲನ್ನು ಒದ್ದೆಮಾಡಿ ಮೂಗು ಬಾಯಿಗೆ ಸುತ್ತಿಕೊಳ್ಳುತ್ತಾನೆ, ಕೆಲಸ ಮುಗಿದ ಮೇಲೆ ನೀಲಿ ನೀಲಿಯಾದ ಕೈಕಾಲು ತೊಳೆದು ಚಾ ಕುಡಿಯುತ್ತಾನೆ. ಟೊಪ್ಪಿಗೆಯಿಲ್ಲದ ಯಂತ್ರವನ್ನೇ ತರಿಸಿದೆ.

ಬಣ್ಣ ಹೊಡೆಯಲು ಯಲ್ಲಾಪುರದ ಒಬ್ಬ ಪೇಂಟರ್‌ಗೆ ಹೇಳಿದ್ದೆ. ತಂದೆಯ ಕಾಲದಿಂದ ಲಾರಿ, ಬಸ್ಸುಗಳಿಗೆ ಬಣ್ಣ ಹಾಕುತ್ತ ಬಂದ ಮುಸ್ಲಿಂ ಮನೆತನ, ವಯಸ್ಸು ಸುಮಾರು ನನ್ನಷ್ಟೇ. ಕೈ ಅಂದರೆ ಕೈ. ಅವನು ಎಳೆದ ಗೆರೆಗೆ ಪಟ್ಟಿ ಇಟ್ಟು ನೋಡುವ ಅಗತ್ಯ ಬರುತ್ತಿರಲಿಲ್ಲ. ವಾರವಿಡೀ ಬಂದು ತಗಡು ಉಜ್ಜಿದ, ತೊಳೆದ, ಗಾಜಿಗೆ ಕಾಗದ ಅಂಟಿಸಿದ. ಹೊಸ ಯಂತ್ರವನ್ನು ಸುತ್ತು ಬಂದು ನೋಡಿ, ನೀರು ತುಂಬಿ ಹಾರಿಸಿ, “ಭಾಳ ಚಲೋ ಐತಿ ಸರ್, ರೇಷ್ಮಿ ಹಂಗ ಬೀಳತೈತಿ” ಎಂದ. ನನಗೆ ಹಿಗ್ಗು. ಆಮೇಲೆ ಬಣ್ಣದ ಡಬ್ಬಿಗಳನ್ನು ಎತ್ತಿ ಓದಿದ. ಬಣ್ಣದ್ದೊಂದು, ಹಾರ್ಡ್‌ನರ್‌ದೊಂದು. ಹೊಡೆಯುವ ಮೊದಲು ಎರಡನ್ನೂ ಕಲಸಬೇಕು. ಕಲ್ಲಿನಂತೆ ಗಟ್ಟಿಯಾಗುವ ಬಣ್ಣ.

“ಗಾಳಿ ಟೊಪ್ಪಿಗಿ ಎಲ್ಲೈತ್ರಿ ಸರ್?”

“ಅದೆಲ್ಲ ಬೇಡ. ಟವೆಲ್ ಇದೆ.”

ಅವನು ಡಬ್ಬಿಯನ್ನು ಕೆಳಗಿಟ್ಟ. “ತಪ್ಪು ತಿಳಕೋಬ್ಯಾಡ್ರಿ. ಈ ಎರಡು ಡಬ್ಬಿ ಬಣ್ಣಕ್ಕ ನಾ ಟವೆಲ್ ಕಟ್ಟಿ ಗನ್ ಹಿಡಿಯಂಗಿಲ್ಲ. ಔಷಧ ಮೈಮ್ಯಾಲೆ ಬಿದ್ರ ತೊಳಕೋಬಹುದು. ಇದು ಎದಿಯೊಳಗ ಹೋಗಿ ಗಟ್ಟಿ ಆಗತೈತಿ.”

ಅಷ್ಟು ಸಾಕಾಯಿತು ನನಗೆ. ಎದೆಯೊಳಗೆ ಹೋಗಿ ಅದು ಗಟ್ಟಿಯಾಗುವುದಿಲ್ಲ, ಅದು ನಡೆಯುವುದೇ ಬೇರೆ ರೀತಿ ಎಂದು ನಿಂತಲ್ಲೇ ಪಾಠ ಶುರುಮಾಡಿದೆ. ಹಾರ್ಡ್‌ನರಿಗೆ ನೀರು ಕಂಡರೆ ಆಗದು, ನೀರಿನ ಜೊತೆ ಸೇರಿದ ಕೂಡಲೇ ಅದರ ಕಥೆ ಮುಗಿಯಿತು, ಆದ್ದರಿಂದ ಒದ್ದೆ ಟವೆಲ್ಲಿಗಿಂತ ಒಳ್ಳೆಯ ರಕ್ಷಣೆ ಇಲ್ಲ ಎಂದು ಸಿದ್ಧಾಂತ ಮಂಡಿಸಿದೆ. ಊರಿನವರು ತಿಳಿಯದೆ ಮಾಡುತ್ತಿದ್ದದ್ದಕ್ಕೆ ನಾನು ವಿಜ್ಞಾನದ ಆಧಾರ ಒದಗಿಸಿದ್ದೆ. ಅವನು ಪೂರ್ತಿ ಕೇಳಿದ. ಅವನ ವಿವರಣೆ ತಪ್ಪೇ ಆಗಿತ್ತು. ಬುದ್ಧಿ ಸರಿಯಿತ್ತು. ನನ್ನ ವಿವರಣೆ ಮುಕ್ಕಾಲು ಪಾಲು ಸರಿಯಿತ್ತು.

“ಟೊಪ್ಪಿಗಿ ತರಸ್ರಿ, ಬಂದು ಹೊಡದು ಕೊಡ್ತೇನಿ. ಕೂಲಿ ಸುದ್ದಿ ಆಮ್ಯಾಲೆ” ಎಂದ.

“ಇಷ್ಟು ವರ್ಷ ಲಾರಿಗೆ ಹೊಡೆದವನು ಈಗ ಹೆದರುತ್ತೀಯಲ್ಲ” ಎಂದೆ.

ಅವನು ತನ್ನ ಉಜ್ಜುವ ಕಾಗದ, ಬ್ರಷ್ಷು ಚೀಲಕ್ಕೆ ತುಂಬಿ, “ಹೆದರತೇನ್ರಿ” ಎಂದು ಸಲಾಂ ಮಾಡಿ ಹೋದ. ನನ್ನ ಮಾತಿಗೆ ಅವನು ಸಿಟ್ಟಾಗಲಿಲ್ಲ. ಆಗಿದ್ದರೆ ಚೆನ್ನಾಗಿತ್ತು.

ನಾನೇ ಹೊಡೆದೆ. ಜನವರಿಯ ಒಣ ಹವೆ, ನಾಲ್ಕು ದಿನ. ಶೆಡ್ಡಿನ ಸುತ್ತ ಪ್ಲಾಸ್ಟಿಕ್ ಕಟ್ಟಿ, ಟವೆಲ್ ಒದ್ದೆಮಾಡಿ ಮೂಗಿಗೆ ಎರಡು ಸುತ್ತು ಬಿಗಿದು, ಗನ್ ಹಿಡಿದೆ. ಯಂತ್ರದ ಬಗ್ಗೆ ಒಂದು ಮಾತೂ ಕೆಟ್ಟದಾಗಿ ಹೇಳಲಾರೆ. ಬಣ್ಣ ಹೊರಟದ್ದು ಕಾಣಲಿಲ್ಲ, ತಗಡು ಬೆಳ್ಳಗಾದದ್ದು ಮಾತ್ರ ಕಂಡಿತು. ಮೊದಲ ದಿನ ಸಂಜೆ ಎದೆಗೆ ಯಾರೋ ಪಟ್ಟಿ ಬಿಗಿದ ಹಾಗಾಯಿತು. ಥಂಡಿ ಎಂದುಕೊಂಡು ಕಷಾಯ ಕುಡಿದೆ. ಮೂರನೆಯ ದಿನ ಮೆಟ್ಟಿಲು ಹತ್ತುವಾಗ ಕೆಮ್ಮು. ಧೂಳು ಎಂದೆ. ನಾಲ್ಕನೆಯ ದಿನ ಬಾಲ ಮುಗಿಸಿ ದೀಪ ಅಡ್ಡ ಹಿಡಿದು ನೋಡಿದರೆ ಒಂದು ಸೋರು ಇಲ್ಲ, ಒಂದು ಗುಳ್ಳೆ ಇಲ್ಲ. ಭಾವನಿಗೆ ಫೋಟೋ ಕಳಿಸಿದೆ, ಹಾರ್ಡ್‌ವೇರ್ ಅಂಗಡಿಯವನಿಗೂ ಕಳಿಸಿದೆ. ಪೇಂಟರ್‌ಗೆ ಎರಡು ಫೋಟೋ ಕಳಿಸಿದೆ.

ಎರಡು ವಾರದ ನಂತರ ಪಕ್ಕಕ್ಕೆ ನೋಂದಣಿಯ ಅಕ್ಷರ ಬರೆಯಲು ಅರ್ಧ ಲೋಟದಷ್ಟು ಬಣ್ಣ ಕಲಸಿದೆ. ಮಧ್ಯಾಹ್ನ ಹನ್ನೆರಡರ ಹೊತ್ತು. ಮೂರನೆಯ ಅಕ್ಷರಕ್ಕೆ ಬರುವಷ್ಟರಲ್ಲಿ ಉಸಿರು ಹೊರಗೆ ಹೋಗುವುದು ನಿಂತಿತು. ಒಳಗೆ ಬರುತ್ತಿತ್ತು, ಹೊರಗೆ ಹೋಗುತ್ತಿರಲಿಲ್ಲ. ಬುತ್ತಿ ತಂದಿದ್ದ ಹೆಂಡತಿ ನನ್ನನ್ನು ಕಾರಿಗೆ ತಳ್ಳಿ ಆಸ್ಪತ್ರೆಗೆ ಒಯ್ದಳು. ಡಬ್ಬಿಯ ಅನ್ನ ಶೆಡ್ಡಿನಲ್ಲೇ ಉಳಿಯಿತು.

ಆಮೇಲೆ ನೋಡಿದ ಶ್ವಾಸಕೋಶದ ಡಾಕ್ಟರ್ ಕೇಳಿದರು, “ಬಣ್ಣ ಹೊಡೆಯುವಾಗ ಮುಖಕ್ಕೆ ಏನು ಕಟ್ಟಿದ್ರಿ?”

“ಟವೆಲ್.”

“ಒದ್ದೆ ಮಾಡಿ?”

“ಹೌದು.”

ಅವರು ಪೆನ್ನು ಕೆಳಗಿಟ್ಟು, “ಹಾಗಾದ್ರೆ ಊರು ಯಾವುದು ಅಂತ ಕೇಳೋದು ಬೇಡ” ಎಂದರು. ಅವರೂ ಅಡಿಕೆ ಸೀಮೆಯವರೇ. ನೀರಿನ ಜೊತೆ ಹಾರ್ಡ್‌ನರ್ ಸೇರುವ ಸಿದ್ಧಾಂತವನ್ನು ನಾನು ಅವರಿಗೂ ಹೇಳಲು ಹೊರಟೆ. ಅರ್ಧ ವಾಕ್ಯಕ್ಕೆ ಕೆಮ್ಮು ಬಂದು ನಿಲ್ಲಿಸಿತು. ಟವೆಲ್ಲಿನ ಎಳೆಗಳ ನಡುವೆ ಆ ಸಣ್ಣ ಹನಿಗಳಿಗೆ ಹೆಬ್ಬಾಗಿಲೇ ಇರುತ್ತದೆ ಎಂದು ಅವರು ಹೇಳಿದರು. ಒಮ್ಮೆ ದೇಹ ಈ ವಿಷವನ್ನು ಗುರುತು ಹಿಡಿದ ಮೇಲೆ ಮರೆಯುವುದಿಲ್ಲವಂತೆ. ಇನ್ನು ಮುಂದೆ ಒಂದು ಚೂರು ಗಾಳಿಯಲ್ಲಿ ಬಂದರೂ ಹೀಗೇ. ಉಳಿದ ದಿನಗಳಲ್ಲಿಯೂ ಯಾವಾಗ ಬರುತ್ತದೆ, ಎಷ್ಟು ಬರುತ್ತದೆ ಎಂದು ಹೇಳಲಾಗದು. ಹೋದಲ್ಲೆಲ್ಲ ಇನ್ಹೇಲರ್ ಜೊತೆಗಿರಬೇಕು.

ವಿಮಾನ ಹಾರಿಸುವವನಿಗೆ ಆಗಾಗ ದೇಹಪರೀಕ್ಷೆ ಇರುತ್ತದೆ. ನನ್ನದರ ಅವಧಿ ಮಾರ್ಚಿಗೆ ಮುಗಿಯುತ್ತಿತ್ತು. ಅದರ ಫಾರಮ್ಮಿನಲ್ಲಿ ಒಂದು ಸಾಲು: ಉಸಿರಾಟದ ತೊಂದರೆ ಎಂದಾದರೂ ಬಂದದ್ದಿದೆಯೇ? ಪಕ್ಕದಲ್ಲಿ ಹೌದು, ಇಲ್ಲ ಎಂಬ ಎರಡು ಚೌಕ.

ಭಾವ ಬಂದಿದ್ದ. “‘ಇಲ್ಲ’ ಹೇಳಿ ಬರೆ. ಯಾರಿಗೆ ಗೊತ್ತಾಗ್ತು?” ಎಂದ. ಜೀವನದಲ್ಲಿ ಮೊದಲ ಸಲ ಅವನ ಸಲಹೆ ನನಗೆ ಒಳ್ಳೆಯದೆನಿಸಿತು. ನಿಜವಾಗಿ ಒಳ್ಳೆಯದೆನಿಸಿತು. ಪರೀಕ್ಷೆಯ ದಿನ ಎದೆ ಸರಿಯಿದ್ದರೆ ಸಾಕು. ಎಂಟು ವರ್ಷ ಕಟ್ಟಿದ್ದು ಒಂದು ಚೌಕದಲ್ಲಿ ಹೋಗಬೇಕೆ?

ಹೆಂಡತಿ ಅಲ್ಲೇ ಕುಳಿತು ವಿಮಾನದ ಎರಡನೆಯ ಸೀಟಿನ ದಿಂಬಿಗೆ ಬಟ್ಟೆ ಹೊಲಿಯುತ್ತಿದ್ದಳು. ತನ್ನ ಸೊಂಟಕ್ಕೆ ಸರಿಯಾಗುವಷ್ಟು ಎತ್ತರವಿದೆಯೇ ಎಂದು ದಿಂಬನ್ನು ಬೆನ್ನಿಗಿಟ್ಟು ನೋಡಿಕೊಂಡಳು. ನಾನು ಯಾವ ಮಹಾ ಸತ್ಯವಂತನೂ ಅಲ್ಲ. ಮೂರು ಸಾವಿರ ಅಡಿ ಎತ್ತರದಲ್ಲಿ ನನ್ನ ಉಸಿರು ಸಿಕ್ಕಿಕೊಂಡರೆ ಪಕ್ಕದಲ್ಲಿ ಇವಳು ಏನು ಮಾಡುತ್ತಾಳೆ ಎಂದು ಯೋಚಿಸಿ ಹೆದರಿಕೆಯಾಯಿತು. ಹೌದು ಎಂಬ ಚೌಕಕ್ಕೆ ಗುರುತು ಹಾಕಿದೆ. ಪರೀಕ್ಷೆಯಲ್ಲಿ ನಾಪಾಸಾದೆ. ಎಷ್ಟೋ ಹುಡುಗರನ್ನು ಫೇಲ್ ಮಾಡಿದ ಕೈಗೆ ಆ ಕಾಗದ ಬಂತು.

ರೆಕ್ಕೆ ಕಳಚಿ, ಲಾರಿಗೆ ಹೇರಿ, ಬಯಲುಸೀಮೆಯ ಒಂದು ಸಣ್ಣ ರನ್‌ವೇಗೆ ವಿಮಾನ ಸಾಗಿಸಿದೆವು. ವಾಯುಪಡೆಯಿಂದ ನಿವೃತ್ತನಾದ ಪೈಲಟ್ ಒಬ್ಬ ಅದನ್ನು ಹಾರಿಸಿ ಪರೀಕ್ಷಿಸಲು ಒಪ್ಪಿದ್ದ. ನಿಯಮದಂತೆ ಅವನೊಬ್ಬನೇ ಹಾರಿಸಬೇಕಾದಷ್ಟು ತಾಸು ಮುಗಿಸಿ, ಒಂದು ಬೆಳಿಗ್ಗೆ ನನ್ನ ಬಳಿ ಬಂದು, ಇನ್ನು ಪಕ್ಕದಲ್ಲಿ ಒಬ್ಬರು ಕೂರಬಹುದು, ಮೊದಲು ನೀವೇ ಬನ್ನಿ ಎಂದ.

ಕೂರಬಹುದಿತ್ತು. ಪ್ರಯಾಣಿಕನಾಗಲು ಯಾವ ಪರೀಕ್ಷೆಯೂ ಇರಲಿಲ್ಲ. ಆದರೆ ನನ್ನ ವಿಮಾನದಲ್ಲಿ ನಾನು ಬಸ್ಸಿನಲ್ಲಿ ಕೂತ ಹಾಗೆ ಕೈಕಟ್ಟಿ ಕೂರುವುದೇ? “ಕಂಡಕ್ಟರ್ ಯಾರು, ಟಿಕೆಟ್ ಎಷ್ಟು?” ಎಂದು ಕೇಳಿದೆ. ಅವನಿಗೆ ನನ್ನ ಕುಹಕ ಅರ್ಥವಾಗಲಿಲ್ಲ, ಅಥವಾ ಅರ್ಥವಾಯಿತು.

“ಹಂಗಾರೆ ಆನು ಹೋಗ್ತೆ” ಎಂದಳು ಹೆಂಡತಿ.

ಸೀರೆಯ ಸೆರಗು ಸಿಕ್ಕಿಸಿ, ರೆಕ್ಕೆಯ ಮೇಲೆ ಕಾಲಿಟ್ಟು, ಒಳಗೆ ಕುಳಿತಳು. ಪೈಲಟ್ ಬೆಲ್ಟು ಬಿಗಿದ. ವಿಮಾನ ಓಡಿತು, ಮೂಗೆತ್ತಿತು, ಹಾರಿತು. ಬಿಸಿಲಿಗೆ ಹೊಳೆಯುತ್ತಿದ್ದ ಆ ಬಿಳಿಬಣ್ಣ ನೋಡಿ ಪಕ್ಕದಲ್ಲಿದ್ದ ಯಾರೋ “ಪೇಂಟ್ ಯಾರು ಮಾಡಿದ್ದು, ಮಸ್ತ್ ಬಂದದೆ” ಎಂದರು. ನನಗೆ ಆ ಪೈಲಟ್‌ನ ಮೇಲೆ ಹೊಟ್ಟೆಕಿಚ್ಚಾಯಿತು. ಹೆಂಡತಿಯ ಮೇಲೂ ಆಯಿತು. ಹೊಟ್ಟೆಕಿಚ್ಚು ಎಂದರೆ ಸಣ್ಣದಲ್ಲ, ಕಣ್ಣಲ್ಲಿ ನೀರು ಬರುವಷ್ಟು.

ಇಪ್ಪತ್ತು ನಿಮಿಷಕ್ಕೆ ಇಳಿದರು. ಅವಳ ಕೂದಲು ಕೆದರಿತ್ತು, ಮುಖ ಕೆಂಪಾಗಿತ್ತು, ಅಷ್ಟು ಸಂತೋಷದಲ್ಲಿ ಅವಳನ್ನು ನೋಡಿ ಬಹಳ ವರ್ಷವಾಗಿತ್ತು. ಕೆರೆ ಕಂಡಿತು, ರೈಲು ಕಂಡಿತು, ಜೋಳದ ಹೊಲಗಳು ಸೀರೆ ಒಣಹಾಕಿದ ಹಾಗೆ ಕಂಡವು ಎಂದು ಒಂದೇ ಉಸಿರಿನಲ್ಲಿ ಹೇಳಿದಳು. ಆಮೇಲೆ ನನ್ನ ತೋಳು ಹಿಡಿದುಕೊಂಡು ಸ್ವಲ್ಪ ದನಿ ತಗ್ಗಿಸಿ ಹೇಳಿದಳು:

“ಆನು ನಿಂಗಳ ಎಷ್ಟು ಹುಡುಕಿದಿ ಗೊತ್ತಿದ್ದಾ? ಮೇಲಿಂದ ನಿಂಗ ಕಾಣಲ್ಲೇ ಇಲ್ಲೆ.”

ಅವಳು ಮೇಲಿದ್ದಷ್ಟು ಹೊತ್ತೂ ನಾನು ರನ್‌ವೇ ಪಕ್ಕದಲ್ಲಿ ನಿಂತು ಎರಡೂ ಕೈ ಬೀಸುತ್ತಿದ್ದೆ. ಅದನ್ನು ಅವಳಿಗೆ ಹೇಳಲಿಲ್ಲ.